ಗೋಡೆಬೀರಿನ ಸರ್ವರ್ ಮತ್ತು ಗಿರಿಜಕ್ಕನ ಫೋಟೊ

ಮೊನ್ನೆ ಅಂಬಲಪಾಡಿಯಲ್ಲಿ ನೆಂಟರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಎಲೆ ಹಾಕುವ ಮೊದಲು ಮನೆಯೊಡತಿ ಹಪ್ಪಳ ತೆಗೆಯಲೆಂದು ಗೋಡೆಬೀರಿನ ಬಾಗಿಲು ತೆರೆದರು. ಒಳಗೆ ಸಣ್ಣದೊಂದು ಬಲ್ಬು ಉರಿಯುತ್ತಿತ್ತು. ಮಳೆಗಾಲದ ಥಂಡಿಗೆ ಹಪ್ಪಳ ಮೆತ್ತಗಾಗದಿರಲೆಂದು ಹಾಗೆ ಬಲ್ಬು ಹಾಕಿಡುವವರು ನಮ್ಮ ಕಡೆ ಈಗಲೂ ಇದ್ದಾರೆ. ಬಿಸಿಯಾದ ಧೂಳಿನ ವಾಸನೆ, ಹಲಸಿನ ಹಪ್ಪಳದ ವಾಸನೆ ಎರಡೂ ಒಟ್ಟಿಗೆ ಬಂದವು. ಬಡಿಸಿದ ಅನ್ನ ಆರುತ್ತಿದ್ದರೂ ಕೈ ಹಾಕುವುದು ಮರೆತು ಕೂತಿದ್ದೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲವಿಡೀ ಕಾಪುವಿನ ನಮ್ಮ ಚಾವಡಿಯಲ್ಲಿ ಇದೇ ವಾಸನೆ ಇತ್ತು. ನಮ್ಮ ಬೀರಿನೊಳಗೆ ಬಲ್ಬಿನ ಜಾಗದಲ್ಲಿ ಬಿಸಿಯಾಗಿ ಕೂತಿದ್ದದ್ದು ಮಾತ್ರ ಒಂದು ಕಂಪ್ಯೂಟರು.

ನಾನು ಫೋಟೊಗ್ರಾಫರ್. ಸ್ಟುಡಿಯೊ ಕಾಪು ಪೇಟೆಯಲ್ಲಿ, ಮನೆ ದೀಪಸ್ತಂಭದ ಕಡೆ ಹೋಗುವ ದಾರಿಯಲ್ಲಿ. ಮದುವೆ, ಕ್ರೈಸ್ತರ ಮದುವೆಯ ಮುನ್ನಾದಿನದ ರೋಸ್, ಗೃಹಪ್ರವೇಶ, ಕ್ರಿಕೆಟ್ ಟೂರ್ನಮೆಂಟು ಎಂದು ಕರೆದಲ್ಲಿಗೆಲ್ಲ ಹೋಗಿದ್ದೇನೆ. ಹೆಂಡತಿ ಪ್ರೇಮಾ ನನ್ನ ಎರಡನೇ ಕ್ಯಾಮರಾ. ವರನ ಕಡೆ ನಾನು ನಿಂತರೆ ನೆರೆದ ಜನರ ಕಡೆ ಅವಳು. ಹೊರಡುವ ಮೊದಲು ಎರಡೂ ಕ್ಯಾಮರಾಗಳ ಗಡಿಯಾರವನ್ನು ಸರಿಸಮ ಮಾಡಿಕೊಳ್ಳುವುದು ನಮ್ಮ ಪದ್ಧತಿ. ಇಲ್ಲದಿದ್ದರೆ ಆಲ್ಬಮ್ ಕೂರಿಸುವಾಗ ತಾಳಿ ಕಟ್ಟುವ ಮೊದಲೇ ಅತ್ತೆ ಕಣ್ಣೊರೆಸಿಕೊಂಡ ಹಾಗೆ ಆಗುತ್ತದೆ.

ಈ ವೃತ್ತಿಗೆ ಇನ್ನೊಂದು ಮುಖ ಇದೆ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಎರಡು ಮೂರು ದಿನ ಕಳೆದು ಮನೆಯವರು ಸ್ಟುಡಿಯೊ ಮೆಟ್ಟಿಲು ಹತ್ತುತ್ತಾರೆ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಹಾರ ಹಾಕಿ ಇಡಲು ಒಂದು ಫೋಟೊ ಬೇಕು. ದಿನಕ್ಕೆ ನೂರು ಸೆಲ್ಫಿ ತೆಗೆಯುವ ಮನೆಗಳಲ್ಲೂ ಹಿರಿಯರದ್ದು ಅಂತ ನೆಟ್ಟಗಿನ ಒಂದು ಫೋಟೊ ಇರುವುದಿಲ್ಲ. "ಆ ಮದುವೆಗೆ ಅಪ್ಪ ಬಂದಿದ್ರು, ಐಸ್‌ಕ್ರೀಮಿನ ಹತ್ರ ನಿಂತಿದ್ರು, ನೋಡ್ತೀರಾ" ಎಂದು ಕೇಳುತ್ತಾರೆ. ನಾನು ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ತೆಗೆದು ಕೊಡುತ್ತಿದ್ದೆ. ಆ ವರ್ಷ ಬೇಸಗೆ ಮುಗಿಯುವ ಹೊತ್ತಿಗೆ ಒಂದರ ಹಿಂದೆ ಒಂದು ಡಿಸ್ಕ್ ಕೈಕೊಡತೊಡಗಿತು. ಕಡಲಿನ ಉಪ್ಪುಗಾಳಿ ಕಿಟಕಿಯ ಸರಳನ್ನೇ ತಿನ್ನುತ್ತದೆ, ಈ ತೆಳು ತಗಡಿನ ಡಬ್ಬಿಗಳನ್ನು ಬಿಟ್ಟೀತೇ? ನಾನು ಬುದ್ಧಿ ಓಡಿಸಿ ಎಲ್ಲ ಡಿಸ್ಕುಗಳನ್ನೂ ಕುಚ್ಚಲಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟೆ.

ಆ ಬುದ್ಧಿವಂತಿಕೆಯನ್ನು ಮೊದಲು ಕಂಡುಹಿಡಿದವರು ಜೆಸಿಂತ ಬಾಯಿ. ನಮ್ಮ ಮನೆಯ ಹಿಂದಿನ ಓಣಿಯವರು. ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಮಾಡಿ, ನಿವೃತ್ತರಾಗಿ ಊರಿಗೆ ಬಂದಿದ್ದರು. ನೈಟಿ, ಹೆಗಲಿಗೊಂದು ಟವೆಲಿನಂಥ ಬೈರಾಸು, ಕೈಯಲ್ಲಿ ಸ್ಕ್ರೂಡ್ರೈವರು. ಓಣಿಯ ಯಾರ ಮನೆಯ ಕಂಪ್ಯೂಟರು ಸತ್ತರೂ ಮೊದಲು ಅವರಿಗೇ ತೋರಿಸುವುದು. ಹೊಗಳುವುದು ಅವರ ಜಾತಕದಲ್ಲೇ ಇರಲಿಲ್ಲ. ಅಂದು ಪಾಸ್‌ಪೋರ್ಟ್ ಫೋಟೊಕ್ಕೆಂದು ಸ್ಟುಡಿಯೊಕ್ಕೆ ಬಂದವರು, ನಾನು ಮೇಜಿನ ಮೇಲೆ ಡಿಸ್ಕೊಂದನ್ನು ಕುಟ್ಟಿ ತೌಡು ಉದುರಿಸುತ್ತಿದ್ದುದನ್ನು ನೋಡಿದರು.

"ಇದೆಂತ ವಸಂತ, ಇದಕ್ಕೆ ಗಂಜಿ ಮಾಡ್ಲಿಕ್ಕೆ ಉಂಟಾ?"

"ಮೊಬೈಲು ನೀರಿಗೆ ಬಿದ್ರೆ ಅಕ್ಕಿಯಲ್ಲಿ ಇಡ್ತಾರಲ್ಲ ಬಾಯಿ, ಥಂಡಿ ಎಳೀತದೆ ಅಂತ."

"ಥಂಡಿ ಎಳೀತದೋ ಇಲ್ವೋ, ತೌಡಂತೂ ಬಿಡ್ತದೆ. ನಿನ್ನ ಹತ್ರ ಇದರ ಇನ್ನೊಂದು ಕಾಪಿ ಉಂಟಾ?"

"ಇಲ್ಲ."

"ಹಾಗಾದ್ರೆ ಇದೂ ಇಲ್ಲ ಅಂತಲೇ ಲೆಕ್ಕ ಇಟ್ಕೋ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನ ಒಲೆ ಅಂದೇ ಹೊತ್ತಿಕೊಂಡಿತು. ಏನು ಮಾಡಬೇಕು ಎಂದು ಕೇಳಿದೆ. ಮರುವಾರ ಬಾಯಿ ಒಂದು ಆಟೋದಲ್ಲಿ ಕಪ್ಪು ಡಬ್ಬಿಯೊಂದನ್ನು ತಂದು ನಮ್ಮ ಚಾವಡಿಯಲ್ಲಿ ಇಳಿಸಿದರು. ಮಣಿಪಾಲದ ಕಡೆ ಯಾವುದೋ ಕಚೇರಿಯವರು ಗುಜರಿಗೆ ಹಾಕಿದ್ದ ಕಂಪ್ಯೂಟರು. ಅದರ ಬಾಗಿಲು ತೆರೆದರೆ ಒಳಗೆ ಜೇಡನ ಸಂಸಾರ. ಪ್ರೇಮಾ ಮೂಗಿಗೆ ಸೆರಗು ಹಿಡಿದು, "ಇದು ನಮ್ಮ ಫೋಟೊ ಉಳಿಸ್ತದಾ, ಇಲ್ಲ ನಾವು ಇದನ್ನು ಉಳಿಸ್ಬೇಕಾ?" ಎಂದಳು.

ಬಾಯಿ ತಕ್ಷಣ ಕೆಲಸಕ್ಕೆ ಕೂತರು. ಪೇಂಟಿನ ಬ್ರಶ್ಶಿನಿಂದ ಧೂಳು ಹೊಡೆದರು. ಮೆಮೊರಿ ಪಟ್ಟಿಯನ್ನು ಕಿತ್ತು, ಕಿಲುಬು ಹಿಡಿದಂತೆ ಮಂಕಾಗಿದ್ದ ಅದರ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಉಜ್ಜಿ ಹೊಳೆಯಿಸಿದರು. ಎರಡು ಹೊಸ ಡಿಸ್ಕುಗಳನ್ನು ಕೂರಿಸಿದರು, ದುಡ್ಡು ಕೊಟ್ಟು ನಾನು ತಂದದ್ದು ಅವೆರಡೇ. ಆಮೇಲೆ ಪೆನ್ ಡ್ರೈವಿನಿಂದ ಲಿನಕ್ಸ್ ಹಾಕಿದರು. ಅದರ ಮೇಲೆ ಫೋಟೊಗಳನ್ನು ಜೋಡಿಸುವ, ಕಾಪಿ ಮಾಡುವ, ಮುಖ ಗುರುತಿಸುವ ಬೇರೆ ಬೇರೆ ಸಾಫ್ಟ್‌ವೇರುಗಳು. ಎಲ್ಲವೂ ಪುಕ್ಕಟೆ ಎಂದು ಗೊತ್ತಾದಾಗ ನನಗೆ ಸಂಶಯ ಶುರುವಾಯಿತು. ಪುಕ್ಕಟೆ ಕೊಡುವವರ ಹಿಂದೆ ಏನೋ ಇರುತ್ತದೆ ಎಂದು ನಂಬಿದ ಮನುಷ್ಯ ನಾನು. ಅದನ್ನೇ ಹೇಳಿದೆ.

ಬಾಯಿ ಸ್ಕ್ರೂಡ್ರೈವರು ಕೆಳಗಿಟ್ಟರು. "ನೀನು ಎಷ್ಟು ಮದುವೆಮನೆ ನೋಡಿದವ. ಹಿಂದಿನ ದಿನ ಸಂಜೆ ತರಕಾರಿ ಹೆಚ್ಚಲಿಕ್ಕೆ ನೆರೆಕರೆಯವರು ಬರ್ತಾರಲ್ಲ, ಅವರ ಹಿಂದೆ ಎಂತ ಇರ್ತದೆ?"

"ಎಂತದೂ ಇಲ್ಲ. ನಾಳೆ ಅವರ ಮನೆಯಲ್ಲಿ ಉಂಟಲ್ಲ, ಆಗ ನಾವು ಹೋಗ್ತೇವೆ."

"ಇದೂ ಹಾಗೇ ಮಾರಾಯ. ಯಾರೋ ಸೌತೆಕಾಯಿ ಹೆಚ್ಚಿದ್ದಾರೆ, ಯಾರೋ ಕಾಯಿ ತುರಿದಿದ್ದಾರೆ. ಯಾವ ದೇಶದವರು ಅಂತ ನನಗೂ ಗೊತ್ತಿಲ್ಲ. ಹೇಗೆ ಮಾಡಿದ್ದು ಅಂತಲೂ ಮುಚ್ಚಿಡದೆ ಬರೆದಿಟ್ಟಿದ್ದಾರೆ. ನೀನು ಉಂಡು ಸುಮ್ಮನೆ ಹೋಗುವ ಜನ ಆಗ್ಬೇಡ, ಅಷ್ಟೇ."

ಡಬ್ಬಿ ನಮ್ಮ ಗೋಡೆಬೀರಿಗೆ ಹೋಯಿತು. ಅಲ್ಲಿ ಮೊದಲು ಲೆನ್ಸುಗಳಿಗೆ ಬೂಸ್ಟು ಹಿಡಿಯದಿರಲೆಂದು ಬಲ್ಬು ಹಾಕಿಡುತ್ತಿದ್ದೆ. ಈಗ ಆ ಕೆಲಸವನ್ನೂ, ಬಾಯಿ ಸರ್ವರ್ ಎಂದು ಕರೆದ ಆ ಡಬ್ಬಿಯೇ ವಹಿಸಿಕೊಂಡಿತು. ಹಗಲೂ ಇರುಳೂ ಸಣ್ಣಗೆ ಗುಂಯ್‌ಗುಟ್ಟುತ್ತ ಬೀರನ್ನು ಬೆಚ್ಚಗಿಟ್ಟಿತು. ಪ್ರೇಮಾ ಒಂದೇ ವಾರದಲ್ಲಿ ಸಂಶಯ ಬಿಟ್ಟು ಮೇಲಿನ ತಟ್ಟೆಯಲ್ಲಿ ಹಲಸಿನ ಹಪ್ಪಳ ಹರಡಿದಳು. ಬಾಯಿ ನೋಡಿ, "ಇಡು, ಆದ್ರೆ ಹಿಂದಿನ ತೂತು ಮುಚ್ಬೇಡ, ಅದಕ್ಕೂ ಉಸಿರು ಬೇಕು" ಎಂದರು. ಅವರ ಮಟ್ಟಿಗೆ ಅದು ಆಶೀರ್ವಾದವೇ.

ಒಂದೊಂದೇ ಡಿಸ್ಕನ್ನು ಒಳಗೆ ತುಂಬುತ್ತ ಹೋದೆವು. ಎಷ್ಟೋ ವರ್ಷಗಳ ಮದುವೆಗಳು ನನ್ನ ಫೋನಿನಲ್ಲಿ, ನನ್ನದೇ ಮನೆಯ ಬೀರಿನಿಂದ ಬಂದು ನಿಂತವು. ಮಧ್ಯದಲ್ಲಿ ಯಾರ ಹಂಗೂ ಇಲ್ಲ. ಆ ಸಂತೋಷವನ್ನು ಹೇಗೆ ಹೇಳಲಿ? ಬಾವಿ ತೋಡಿ ಮೊದಲ ಕೊಡ ನೀರು ಎತ್ತಿದಂತಾಯಿತು. ಒಂದೇ ಮನೆಯಲ್ಲಿ ಇಟ್ಟದ್ದು ಇಟ್ಟ ಹಾಗಲ್ಲ ಎಂದು ಬಾಯಿ ಹಟ ಹಿಡಿದರು. ಉಪ್ಪುಗಾಳಿ ಮುಟ್ಟದ ಕಾರ್ಕಳದಲ್ಲಿ, ಪ್ರೇಮಾಳ ತವರಿನಲ್ಲಿ, ಪರದೆ ಒಡೆದ ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡನೇ ಪ್ರತಿ ಇಟ್ಟೆವು. "ಭಾವ ಇಷ್ಟು ವರ್ಷಕ್ಕೆ ಕೊಟ್ಟ ಉಡುಗೊರೆ ಒಂದು ಒಡೆದ ಲ್ಯಾಪ್‌ಟಾಪು" ಎಂದು ಅವಳ ತಮ್ಮ ಇಂದಿಗೂ ಸಿಕ್ಕವರಿಗೆಲ್ಲ ಹೇಳುತ್ತಾನೆ.

ಒಂದು ಡಿಸ್ಕ್ ಮಾತ್ರ ಉಳಿದಿತ್ತು. ಜೋಡಿಸಿದರೆ ಗಂಟಲಲ್ಲಿ ಮುಳ್ಳು ಸಿಕ್ಕಂತೆ ಟಿಕ್ ಟಿಕ್ ಎನ್ನುತ್ತಿತ್ತು. "ಇದನ್ನು ಈಗ ಮುಟ್ಟುವುದು ಬೇಡ. ಇದರ ಉಸಿರು ಸ್ವಲ್ಪವೇ ಉಂಟು. ಬೇಕಾದ ದಿನಕ್ಕೆ ಇಟ್ಟುಕೊಳ್ಳುವ" ಎಂದು ಬಾಯಿ ಅದನ್ನು ಬೇರೆ ಇಟ್ಟರು. ಅದರಲ್ಲಿ ಏನೇನಿದೆ ಎಂದು ನನಗೂ ಸರಿಯಾಗಿ ನೆನಪಿರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಗಿರಿಜಕ್ಕ ತೀರಿಕೊಂಡರು. ಹೆಜಮಾಡಿಯವರು. ಕಾಪು ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಅವರ ಬುಟ್ಟಿಯ ಬಂಗುಡೆ ತಿನ್ನದ ಮನೆ ನಮ್ಮ ಓಣಿಯಲ್ಲಿ ಇರಲಿಕ್ಕಿಲ್ಲ. ಅಷ್ಟು ಮಾತಾಡುವ ಹೆಂಗಸು ಕ್ಯಾಮರಾ ಕಂಡರೆ ಮಾತ್ರ ಮುಖ ತಿರುಗಿಸುತ್ತಿದ್ದರು. "ನನ್ನದೆಂತ ಫೋಟೊ, ಮೀನಿನದ್ದು ತೆಗಿ, ಅದಾದ್ರೂ ಚಂದ ಉಂಟು" ಎನ್ನುತ್ತಿದ್ದರು. ಮಳೆಗಾಲಕ್ಕೆ ಮೀನುಗಾರಿಕೆ ನಿಂತು ಬೋಟುಗಳು ದಡ ಸೇರಿದ್ದ ಸಮಯ. ಬೋಟಿಗೆ ಹೋಗುವ ಅವರ ಮಗ ದಯಾನಂದ ಒಂದು ಬೆಳಿಗ್ಗೆ ಒದ್ದೆ ಕೊಡೆಯನ್ನು ಮೆಟ್ಟಿಲಲ್ಲಿ ಬಿಟ್ಟು ನಮ್ಮ ಮನೆಯೊಳಗೆ ಬಂದ.

"ವಸಂತಣ್ಣ, ಅಮ್ಮಂದು ಒಂದು ಫೋಟೊ ಬೇಕಿತ್ತು. ಬೊಜ್ಜಕ್ಕೆ."

"ಮನೆಯಲ್ಲಿ ಎಂತದೂ ಇಲ್ವಾ ದಯಾ?"

"ಆಧಾರ್ ಕಾರ್ಡಿನದ್ದು ಉಂಟು." ಅವನು ಕಿಸೆಯಿಂದ ತೆಗೆದು ತೋರಿಸಿದ. "ಇದು ಅಮ್ಮ ಅಲ್ಲ ವಸಂತಣ್ಣ. ಯಾರೋ ಬೈದು ಕೂರಿಸಿದ ಹಾಗೆ ಉಂಟು. ನನ್ನ ಮಗಳಿಗೆ ಈಗ ಮೂರು ವರ್ಷ. ನಾಳೆ ಅಜ್ಜಿ ಹೇಗಿದ್ರು ಅಂತ ಕೇಳಿದ್ರೆ ನಾನು ಇದನ್ನು ತೋರಿಸ್ಬೇಕಾ?"

ಅವನ ಮಾವನ ಮಗನ ಮದುವೆ ಕಾರ್ಕಳದ ಒಂದು ಸಭಾಭವನದಲ್ಲಿ ಆಗಿತ್ತು. ಗಿರಿಜಕ್ಕ ಬಂದಿದ್ದರು. ಫೋಟೊ ತೆಗೆದದ್ದು ನಾವೇ. ಆಲ್ಬಮಿನಲ್ಲಿ ಹುಡುಕಿದ್ದಾನೆ, ಅವರ ಸೆರಗು, ಬೆನ್ನು ಬಿಟ್ಟರೆ ಏನೂ ಇಲ್ಲ. ಆಲ್ಬಮಿಗೆ ಸೇರದ ಫೋಟೊಗಳು ನನ್ನ ಹತ್ತಿರ ಇರಬಹುದು ಎಂಬುದು ಅವನ ಆಸೆ. ಸರ್ವರಿನಲ್ಲಿ ನೋಡಿದೆ. ಆ ಮದುವೆ ಅಲ್ಲಿರಲಿಲ್ಲ. ಅಂದರೆ ಟಿಕ್ ಟಿಕ್ ಎನ್ನುವ ಡಿಸ್ಕಿನಲ್ಲಿ ಇದೆ. ಕೂಡಲೇ ಬಾಯಿಗೆ ಫೋನು ಮಾಡಿದೆ.

ಮರುದಿನ ಬೆಳಿಗ್ಗೆಯೇ ಬಾಯಿ ಬಂದರು, ದಯಾನಂದನೂ ಬಂದ. ಆ ಡಿಸ್ಕನ್ನು ಜೋಡಿಸಿ, ಸಾಯುವ ಡಿಸ್ಕುಗಳಿಗೆಂದೇ ಇರುವ ಒಂದು ಸಾಫ್ಟ್‌ವೇರು ಶುರು ಮಾಡಿದರು. ಅದು ಕೆಟ್ಟ ಜಾಗದಲ್ಲಿ ಹಟ ಮಾಡುತ್ತ ಕೂರುವುದಿಲ್ಲ. ಅದನ್ನು ದಾಟಿ ಒಳ್ಳೆಯದನ್ನು ಮೊದಲು ಹೊತ್ತು ತರುತ್ತದೆ, ಆಮೇಲೆ ಕೆಟ್ಟ ಕಡೆಗೆ ಮೆಲ್ಲ ಮರಳುತ್ತದೆ. ನಾವು ಜಗಲಿಯಲ್ಲಿ ಕೂತು ಚಾ ಕುಡಿದೆವು. ಡಿಸ್ಕು ಟಿಕ್ ಎಂದಾಗಲೆಲ್ಲ ದಯಾನಂದ ಬೀರಿನ ಕಡೆ ತಿರುಗುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಪಡುವಣ ಕಪ್ಪಾಯಿತು. ಒಂದು ಗುಡುಗು ಬಂತು. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಗುಡುಗಿನ ಸದ್ದು ಕೇಳಿದ ಕೂಡಲೇ ಕೈ ತಾನಾಗಿ ಪ್ಲಗ್ಗಿನ ಕಡೆ ಹೋಗುತ್ತದೆ, ತಲೆ ಬೇರೇನು ಯೋಚಿಸುತ್ತಿದ್ದರೂ ಸರಿ. ಅಡುಗೆಮನೆಯಿಂದ ಪ್ರೇಮಾ ಓಡಿ ಬಂದಳು. ಟಿವಿ, ಫ್ರಿಜ್ಜು, ಇಂಟರ್‌ನೆಟ್ಟಿನ ವಯರು ಎಂದು ಸರಸರನೆ ಕಿತ್ತಳು. ಅದೇ ಓಟದಲ್ಲಿ ಬೀರಿನ ಬಳಿಯ ಪ್ಲಗ್ಗನ್ನೂ ಕಿತ್ತಳು. ಗುಂಯ್ ಎನ್ನುವ ಸದ್ದು ನಿಂತಿತು. ಪ್ಲಗ್ಗು ಹಿಡಿದುಕೊಂಡೇ ಅವಳು ನಮ್ಮನ್ನು ನೋಡಿದಳು. ಏನು ಮಾಡಿದೆ ಎಂದು ಅವಳಿಗೆ ಆಗ ಅರ್ಥವಾದದ್ದು.

ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ಅವಳನ್ನು ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕಣ್ಣು ಕುಕ್ಕುವ ಬೆಳಕಿನೊಂದಿಗೆ ಸಿಡಿಲು ಬಿತ್ತು. ಪಕ್ಕದ ಹಿತ್ತಲಿನ ತೆಂಗಿನಮರದ ಸುಳಿಯಿಂದ ಹೊಗೆ ಎದ್ದಿತು. ಆ ಮನೆಯ ಟಿವಿ, ಮೋಡೆಮ್ಮು, ಫ್ಯಾನು ಎಲ್ಲ ಸುಟ್ಟು ಹೋದದ್ದು ಆಮೇಲೆ ಗೊತ್ತಾಯಿತು. ನಾನು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ.

"ನೀನು ಮಾಡಿದ್ದು ಸರಿ ಪ್ರೇಮಾ," ಎಂದರು ಜೆಸಿಂತ ಬಾಯಿ. "ಚಾ ಕುಡೀತಾ ಕೂತ ನಾನು ಮೊದಲು ಏಳ್ಬೇಕಿತ್ತು."

"ಈಗ ಡಿಸ್ಕು?" ಎಂದ ದಯಾನಂದ.

"ನೋಡುವ. ಮಳೆ ಬಿಡ್ಲಿ."

ಪ್ರೇಮಾ ಬಾಗಿಲಲ್ಲೇ ನಿಂತಿದ್ದಳು. ಗುಡುಗು ಬಡಗು ದಿಕ್ಕಿಗೆ ದೂರ ಸರಿದ ಮೇಲೆ ಬಾಯಿ ಪ್ಲಗ್ಗು ಹಾಕಿದರು. ಕಂಪ್ಯೂಟರು ಎದ್ದಿತು, ಡಿಸ್ಕು ಏಳಲಿಲ್ಲ. ಬಾಯಿ ಅದನ್ನು ಬಿಚ್ಚಿ ಬೈರಾಸಿನಲ್ಲಿ ಸುತ್ತಿ ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡು ಪುನಃ ಜೋಡಿಸಿದರು. ಒಳಗೆ ಏನೋ ಹೊರಳಿದ ಸದ್ದು, ಟಿಕ್, ಆಮೇಲೆ ಸಣ್ಣಗೆ ತಿರುಗುವ ಸದ್ದು. ಮೊದಲಿನಿಂದ ಶುರು ಮಾಡುವಷ್ಟು ಉಸಿರು ಅದರಲ್ಲಿ ಇಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಬಾಯಿ ಅದೇ ಸಾಫ್ಟ್‌ವೇರನ್ನು ಮತ್ತೆ ಕರೆದರು. ಅದು ತಾನು ಎಲ್ಲಿಯವರೆಗೆ ಓದಿದ್ದೆ, ಯಾವುದನ್ನು ದಾಟಿದ್ದೆ ಎಂದು ನೆನಪಿಟ್ಟುಕೊಂಡಿತ್ತು. ಬಿಟ್ಟಲ್ಲಿಂದಲೇ ಮುಂದುವರಿಯಿತು.

ಆ ಗಳಿಗೆಯನ್ನು ನಾನು ಮರೆಯುವುದಿಲ್ಲ. ಅದನ್ನು ಬರೆದ ಮನುಷ್ಯ ಯಾರೋ, ಎಲ್ಲಿಯವನೋ. ಕಾಪು ಎಂಬ ಊರಿನ ಹೆಸರೂ ಅವನು ಕೇಳಿರಲಿಕ್ಕಿಲ್ಲ. ಆದರೂ ಯಾವುದೋ ಮನೆಯಲ್ಲಿ, ಯಾವುದೋ ಕೆಟ್ಟ ಸಮಯದಲ್ಲಿ, ಯಾರೋ ಪ್ಲಗ್ಗು ಕೀಳುತ್ತಾರೆ ಎಂದು ಅವನು ಮೊದಲೇ ಯೋಚಿಸಿದ್ದ. ಅವರಿಗೆ ಕಷ್ಟವಾಗಬಾರದೆಂದು ಕೂತು ಕೆಲಸ ಮಾಡಿದ್ದ. ಮಾಡಿ, ಯಾರು ಬೇಕಾದರೂ ತೆಗೆದುಕೊಳ್ಳಿ ಎಂದು ಬಿಟ್ಟು ಹೋಗಿದ್ದ. ನನಗೆ ಕಣ್ಣು ತುಂಬಿ ಬಂತು. ಪುಕ್ಕಟೆ ಎಂದು ಮೂಗು ಮುರಿದವ ನಾನೇ ತಾನೆ? ಇಂಥವರ ಕಾಲಿಗೆ ಬೀಳೋಣ ಎಂದರೆ ವಿಳಾಸವೂ ಗೊತ್ತಿಲ್ಲ. ಇನ್ನು ಬೀರಿನ ಮುಂದೆ ಬೈರಾಸು ಹೊದ್ದು ಕೂತಿದ್ದ ಬಾಯಿಯ ಕಾಲಿಗೆ ಬಿದ್ದರೆ ಬೈದಾರು ಎಂದು ಸುಮ್ಮನಾದೆ. ಪ್ರೇಮಾ ಮಾತ್ರ ಅವರಿಗೆ ಮತ್ತೊಮ್ಮೆ ಚಾ ಮಾಡಿ, ಜೊತೆಗೆ ಬೀರಿನ ಹಪ್ಪಳ ಕಾಯಿಸಿ ಕೊಟ್ಟಳು.

ಸಂಜೆಯ ಹೊತ್ತಿಗೆ ಡಿಸ್ಕು ಪೂರ್ತಿ ನಿಂತೇಹೋಯಿತು. ಅಷ್ಟರಲ್ಲಿ ಕಾರ್ಕಳದ ಮದುವೆಯ ಬಹುಪಾಲು ಈಚೆ ಬಂದಿತ್ತು. ಇನ್ನು ಮುಖ ಹುಡುಕುವ ಕೆಲಸ. ಹಳೆಯ ಯಂತ್ರ ಒಂದೊಂದೇ ಮುಖವನ್ನು ಕಂಡು, ಒಂದೇ ಮುಖಗಳನ್ನು ಒಟ್ಟು ಸೇರಿಸಲು ಮರುದಿನವಿಡೀ ಏದುಸಿರು ಬಿಟ್ಟಿತು. ಆಧಾರ್ ಕಾರ್ಡಿನ ಫೋಟೊ ಕೊಟ್ಟು ಇವರು ಎಲ್ಲಿದ್ದಾರೆ ಎಂದು ಕೇಳಿದೆವು. ಎಲ್ಲಿಯೂ ಇಲ್ಲ ಎಂದಿತು.

"ಮುಖವೇ ಕೊಡದವರನ್ನು ಅದು ಹೇಗೆ ಹುಡುಕ್ತದೆ?" ಎಂದು ಬಾಯಿ ಕನ್ನಡಕ ತೆಗೆದರು. ಅವರ ಸ್ವರದಲ್ಲಿ ಸೋಲು ಕೇಳಿದ್ದು ಅದೇ ಮೊದಲು. ದಯಾನಂದ ಕಾರ್ಡನ್ನು ಪುನಃ ಕಿಸೆಗೆ ಹಾಕಿಕೊಂಡ. "ಆಯ್ತು ಬಾಯಿ, ನೀವು ಇಷ್ಟು ಮಾಡಿದ್ರಲ್ಲ. ಇದನ್ನೇ ದೊಡ್ಡದು ಮಾಡಿ ಕೊಡಿ ವಸಂತಣ್ಣ" ಎಂದ.

ಅಲ್ಲಿಯವರೆಗೆ ಹತ್ತಿರ ಬಾರದಿದ್ದ ಪ್ರೇಮಾ ಮುಂದೆ ಬಂದಳು. "ಗಿರಿಜಕ್ಕನ ಮುಖ ಬೇಡ. ದಯಾನ ಮುಖ ಹುಡುಕಿ. ಮಗ ಇದ್ದಲ್ಲಿ ಅವರು ಇರ್ತಾರಲ್ವಾ."

ದಯಾನ ಮುಖ ಕೊಟ್ಟದ್ದೇ ತಡ, ಪರದೆ ತುಂಬ ಅವನೇ. ದಿಬ್ಬಣ ಸಭಾಭವನದ ಗೇಟಿಗೆ ಬಂದಾಗ ನಾಸಿಕ್ ಬ್ಯಾಂಡಿನ ಮುಂದೆ ಕುಣಿಯುತ್ತಿದ್ದಾನೆ. ಅಂಗಿಯ ಗುಂಡಿ ಕಿತ್ತು ಹೋಗಿದೆ, ನಾಲಿಗೆ ಹೊರಗೆ. ದುಃಖದ ಮನೆಯಿಂದ ಬಂದ ಮನುಷ್ಯ ನಾಚಿ ತಲೆ ತಗ್ಗಿಸಿದ. ಅವೆಲ್ಲ ನನ್ನ ಕ್ಯಾಮರಾದವು, ಕುಣಿಯುವವರ ಕಡೆ ತಿರುಗಿದ್ದವು. ಆಗ ಹೊಳೆಯಿತು. ಅದೇ ಹೊತ್ತಿಗೆ ಪ್ರೇಮಾಳ ಕ್ಯಾಮರಾ ಎದುರು ಬದಿಗೆ, ನೋಡುತ್ತ ನಿಂತ ಜನರ ಕಡೆಗೆ ತಿರುಗಿತ್ತಲ್ಲ! ಗಡಿಯಾರಗಳು ಸರಿಸಮ ಇದ್ದವು. ಬಾಯಿ ಆ ಸಮಯದ ಫೋಟೊಗಳನ್ನೆಲ್ಲ ಸಾಲಾಗಿ ಜೋಡಿಸಿದರು.

ಗೇಟಿನ ಪಕ್ಕದಲ್ಲಿ, ಹೆಂಗಸರ ಗುಂಪಿನಿಂದ ಒಂದು ಹೆಜ್ಜೆ ಮುಂದೆ, ಗಿರಿಜಕ್ಕ ನಿಂತಿದ್ದರು. ನಗು ತಡೆಯಲು ಬಾಯಿಗೆ ಸೆರಗು ಒಯ್ದಿದ್ದಾರೆ. ಅದು ಅರ್ಧದಲ್ಲೇ ನಿಂತಿದೆ. ಕಣ್ಣು ಪೂರ್ತಿ ನಗುತ್ತಿದೆ. ಮುಖ ವಾರೆಯಾಗಿದೆ, ಯಂತ್ರಕ್ಕೆ ಗುರುತು ಸಿಗದಿದ್ದದ್ದು ಅದಕ್ಕೇ. ಅಮ್ಮ ಏನನ್ನು ನೋಡಿ ಹಾಗೆ ನಗುತ್ತಿದ್ದರೆಂದು ದಯಾನಂದನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಎದ್ದು ಜಗಲಿಗೆ ಹೋದ. ನಾವು ಅವನ ಹಿಂದೆ ಹೋಗಲಿಲ್ಲ.

ಬೊಜ್ಜದ ದಿನ ಮೂವರೂ ಹೆಜಮಾಡಿಗೆ ಹೋದೆವು. ಅಂಗಳಕ್ಕೆ ಟರ್ಪಾಲು ಕಟ್ಟಿದ್ದರು, ಮೇಲೆ ಮಳೆ ಸುರಿಯುತ್ತಿತ್ತು. ಕುರ್ಚಿಯ ಮೇಲೆ ಹಾರ ಹಾಕಿದ ಫೋಟೊ ಇತ್ತು. ಅವರ ಮನೆಯ ಹಿರಿಯರೊಬ್ಬರಿಗೆ ಅದು ಸರಿಬರಲಿಲ್ಲ. "ಬೊಜ್ಜದ ಫೋಟೊದಲ್ಲಿ ನಗುವುದುಂಟಾ? ನ್ಯಾಯಕ್ಕೆ ನೇರ ನೋಡ್ಬೇಕು" ಎಂದರು. "ಅಮ್ಮ ಇದ್ದದ್ದೇ ಹಾಗೆ" ಎಂದಷ್ಟೇ ಹೇಳಿದ ದಯಾನಂದ, ಫೋಟೊಕ್ಕೆ ಕೈಮುಗಿದು ಬರುತ್ತಿದ್ದವರಿಗೆ ದಾರಿ ಬಿಟ್ಟ. ಜೆಸಿಂತ ಬಾಯಿ ಹೂವು ಹಾಕಿ ಬಂದು ನನ್ನ ಕಿವಿಯಲ್ಲಿ, "ಕಾರ್ಕಳಕ್ಕೆ ಇದರ ಕಾಪಿ ಹೋಯ್ತಾ?" ಎಂದು ಕೇಳಿದರು. ಹೋಯಿತು ಎಂದೆ.

ಪಂಕ್ತಿ ಕೂರುವ ಮೊದಲು ದಯಾನಂದ ಬಂದು ಆ ಕುರ್ಚಿಯನ್ನು ಸ್ವಲ್ಪ ತಿರುಗಿಸಿಟ್ಟ. ಯಾಕೆಂದು ಊಟ ಶುರುವಾದ ಮೇಲೆ ನನಗೆ ಗೊತ್ತಾಯಿತು. ಅನ್ನದ ಬಕೆಟ್ಟು ಹಿಡಿದು ಅವನು ಬಡಿಸುತ್ತಿದ್ದದ್ದು ಫೋಟೊದಲ್ಲಿ ಗಿರಿಜಕ್ಕ ನಗುತ್ತ ನೋಡುತ್ತಿದ್ದ ಬದಿಯ ಸಾಲಿಗೆ. ಆಚೆ ಸಾಲಿನವರು ಕರೆದರೂ, ಅಲ್ಲಿಗೆ ಬೇರೆಯವರನ್ನು ಕಳಿಸಿ, ತಾನು ಕೊನೆಯ ಎಲೆ ಏಳುವವರೆಗೂ ಆ ಸಾಲನ್ನು ಬಿಟ್ಟು ಕದಲಲಿಲ್ಲ.